ಆ ಮನೆಯಲ್ಲಿ ಯಾರೂ ಆಡದ ಮಾತು

ನಾಯಿಗೆ ಗಡಿಬಿಡಿ ಅಂತ ಹೆಸರಿಟ್ಟವಳು ಅಜ್ಜಿ. ಮರಿಯಾಗಿದ್ದಾಗ ಅದು ತಟ್ಟೆಯ ಸದ್ದಾದ ಕೂಡಲೇ ಓಡಿಬರುತ್ತಿತ್ತು. ಓಡಿದ ರಭಸಕ್ಕೆ ತಟ್ಟೆಯನ್ನೂ ದಾಟಿ ಹೋಗಿ ಗೋಡೆಗೆ ಮೂತಿ ಗುದ್ದಿಕೊಂಡು, ತಪ್ಪೆಲ್ಲ ಗೋಡೆಯದೇ ಎಂಬಂತೆ ಅದನ್ನೊಮ್ಮೆ ದುರುಗುಟ್ಟಿ ನೋಡಿ ಹಿಂದಿರುಗುತ್ತಿತ್ತು. "ಈ ಗುಣ ನಮ್ಮ ಮನೆಯದ್ದೇ, ಬೇರೆ ಎಲ್ಲಿಂದ ಬರ್ಬೇಕು" ಎಂದಿದ್ದಳು ಅಜ್ಜಿ.

ಈಗ ಅದು ಮೊಣಕಾಲು ಮೀರಿ ಬೆಳೆದ ಕಂದು ನಾಯಿ. ಒಂದು ಕಿವಿ ನೆಟ್ಟಗೆ ನಿಂತಿರುತ್ತದೆ, ಇನ್ನೊಂದು ಮಡಚಿಕೊಂಡಿರುತ್ತದೆ. ಬುದ್ಧಿ ಮಾತ್ರ ಮರಿಯದ್ದೇ ಉಳಿದಿದೆ. ಬಾಗಿಲು ತೆರೆದರೆ ಬಂದವರ ಎದೆಯ ಮೇಲೆ ಅದರ ಮುಂಗಾಲು. ಪೋಸ್ಟ್‌ಮ್ಯಾನ್ ಕಾಗದವನ್ನು ಕಿಟಕಿಯಿಂದ ತೂರಿ ಹೋಗುತ್ತಿದ್ದ. ಗ್ಯಾಸ್ ಸಿಲಿಂಡರಿನವನು ಬೀದಿಯ ಆಚೆ ಬದಿ ನಿಂತು, "ಮೊದಲು ಅದನ್ನ ಹಿಡ್ಕೊಳ್ಳಿ, ಆಮೇಲೆ ಮಾತು" ಅಂತ ಕೂಗುತ್ತಿದ್ದ.

ಮನೆಗೆ ಇದ್ದದ್ದು ಒಂದೇ ಬಾಗಿಲು. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಮೇಸ್ತ್ರಿಯ ಮರಗೆಲಸದ ಅಂಗಡಿ. ಕೆಲಸದ ಮೇಜು, ಗೋಡೆಗೆ ತೂಗುಹಾಕಿದ ಗರಗಸಗಳು, ಕಾಲಡಿಯಲ್ಲಿ ಕೀಸುಳಿ ಹೆರೆದ ಸುರುಳಿ ಸಿಪ್ಪೆ. ಅದನ್ನು ದಾಟಿದರೆ ಅಡುಗೆಮನೆ, ಆಮೇಲೆ ಮಲಗುವ ಎರಡು ಕೋಣೆ. ಗಿರಾಕಿಯಾಗಲಿ ನೆಂಟನಾಗಲಿ, ಗಡಿಬಿಡಿಯ ಮೂಲಕವೇ ಒಳಗೆ ಹೋಗಬೇಕು.

ಮೇಸ್ತ್ರಿಗೆ ಇದು ಯಾವತ್ತೂ ತೊಂದರೆ ಅನ್ನಿಸಿರಲಿಲ್ಲ. ಆಸ್ಪತ್ರೆಯಿಂದ ಬಂದ ಹೆಂಡತಿ ಚೀಲ ಕೆಳಗಿಡುವ ಮೊದಲೇ ಹೇಳಿದ ಮೇಲೆ ಅನ್ನಿಸಿತು.

"ಇನ್ನೊಂದು ಆಪರೇಷನ್ ಇದೆಯಂತೆ. ಅದು ಮುಗಿದ ಮೇಲೆ, ತಿಂಗಳ ಕೊನೆಗೆ ಬಿಡ್ತಾರೆ. ಇಲ್ಲಿಗೇ ಕರ್ಕೊಂಡು ಬರ್ತೀನಿ."

"ಒಪ್ಪಿದಳಾ?" ಎಂದ ಅವನು, ಕೈಯಲ್ಲಿದ್ದ ಹಲಗೆಯ ಅಂಚು ನೋಡುತ್ತ.

"ಒಪ್ಪದೆ ಏನ್ಮಾಡ್ತಾಳೆ? ಅವಳ ರೂಮು ಮೂರನೇ ಮಹಡಿ. ಲಿಫ್ಟ್ ಇಲ್ಲ. ಹಾರ್ಕೊಂಡು ಹೋಗ್ತಾಳಾ?"

ಮಗಳು ಸ್ಕೂಟರಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡಿದ್ದಳು. ಮನೆಯಲ್ಲಿ ಅವಳನ್ನು ಕಡ್ಡಿ ಅಂತ ಕರೆಯುತ್ತಿದ್ದರು. ಸಣ್ಣಗಿದ್ದಳೆಂಬುದು ಒಂದು ಕಾರಣ, ಮಾತು ಕಡ್ಡಿ ಮುರಿದ ಹಾಗೆ ಇರುತ್ತಿತ್ತೆಂಬುದು ಇನ್ನೊಂದು.

"ಕಡ್ಡಿ ಕಡ್ಡಿ ಅನ್ಬೇಡ್ರೋ ಅಂತ ಬಡ್ಕೊಂಡೆ" ಎಂದಳು ಅಜ್ಜಿ ಒಳಗಿನಿಂದ. "ಕೊನೆಗೂ ಮುರೀತಲ್ಲ."

"ಅಮ್ಮ, ಸುಮ್ನಿರಿ ನೀವು" ಎಂದು ಅತ್ತೆಗೆ ಹೇಳಿ ಹೆಂಡತಿ ನಾಯಿಯ ಕಡೆ ತಿರುಗಿದಳು. ಅದು ಅವಳ ಚೀಲದೊಳಗೆ ತಲೆ ಹಾಕಿ ಆಗಿತ್ತು. "ಇನ್ನೊಂದು ಸಲ ಬಿದ್ರೆ ಕಾಲು ಸೊಟ್ಟಗೇ ಉಳಿಯುತ್ತೆ ಅಂದಿದಾರೆ ಡಾಕ್ಟ್ರು. ಇದು ಮೊದಲ ದಿನವೇ ಬೀಳಿಸುತ್ತೆ. ಕಟ್ಟಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಊಳಿಡುತ್ತೆ. ನಮ್ಮಣ್ಣನ ಗೋಡೌನಿಗೆ ಕಳಿಸೋಣ. ಕಾವಲಿಗೆ ನಾಯಿ ಬೇಕು ಅಂತಿದ್ದ."

"ಅಲ್ಲಿ ಸರಪಳಿ ಹಾಕ್ತಾರೆ."

"ಹಾಕ್ತಾರೆ. ಗೋಡೌನ್ ನಾಯಿಗೆ ಹಾಸಿಗೆ ಹಾಸಿ ಕೊಡ್ತಾರಾ?"

ಮೇಸ್ತ್ರಿ ಸ್ವಲ್ಪ ಹೊತ್ತು ಹಲಗೆಯನ್ನೇ ಸವರಿದ. "ಕಲಿಸ್ತೀನಿ" ಎಂದ.

"ಯಾರಿಗೆ?"

"ನಾಯಿಗೆ."

"ನಿಮಗೆ ಯಾರು ಕಲಿಸ್ತಾರೆ?" ಎಂದು ಕೇಳಿ ಅವಳು ಒಳಗೆ ಹೋದಳು.

ಅಪ್ಪ ಮಗಳು ಮುಖ ಕೊಟ್ಟು ಮಾತಾಡಿ ಎರಡು ವರ್ಷವಾಗಿತ್ತು. ಕಡ್ಡಿ ಸ್ಕೂಲಿನ ದಿನಗಳಿಂದಲೇ ಅವನ ಮೇಜಿನ ಪಕ್ಕ ನಿಂತು ಕೆಲಸ ಕಲಿತವಳು. ಮರದ ಎಳೆ ನೋಡಿ ಯಾವ ಕಡೆಯಿಂದ ಹೆರೆಯಬೇಕೆಂದು ಹೇಳುತ್ತಿದ್ದಳು. ಒಂದು ದಿನ ಯಾರ ಕೈಯೂ ತಾಗಿಸದೆ, ಒಂದೇ ಒಂದು ಮೊಳೆ ಬಳಸದೆ, ಬರೀ ಮರಕ್ಕೆ ಮರ ಕಚ್ಚಿಸಿ ಒಂದು ಸ್ಟೂಲು ಮಾಡಿದಳು. ಅದೇ ದಿನ ಬಂದ ಗಿರಾಕಿಯೊಬ್ಬ ಅದರ ಮೇಲೆ ಕೂರಲು ಹೋದ. ಅಂಗಡಿಯಲ್ಲಿ ಇನ್ನೂ ಮೂರು ನಾಲ್ಕು ಜನ ಇದ್ದರು. "ಅದರ ಮೇಲೆ ಕೂರ್ಬೇಡಿ ಸ್ವಾಮಿ, ನಮ್ಮ ಹುಡುಗಿ ಮಾಡಿದ್ದು" ಎಂದ ಮೇಸ್ತ್ರಿ. "ಆಮೇಲೆ ನಿಮ್ಮ ಸೊಂಟಕ್ಕೆ ನಾನು ಜವಾಬ್ದಾರನಲ್ಲ." ಎಲ್ಲರೂ ನಕ್ಕರು. ನಕ್ಕವರಲ್ಲಿ ಅವನ ದನಿಯೇ ಜೋರಾಗಿತ್ತು. ಕಡ್ಡಿ ಕೊಡತಿಯನ್ನು ಮೇಜಿನ ಮೇಲಿಟ್ಟಳು, ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದಳು, ಹೋದಳು. ಮುಂದಿನ ವಾರ ಊರಾಚೆಯ ಫರ್ನಿಚರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ರೂಮು ಹಿಡಿದಳು.

"ತಮಾಷೆಗೆ ಅಂದಿದ್ದು" ಎಂದು ಅವನು ಹೆಂಡತಿಗೆ ಹೇಳಿದ್ದ.

"ಅದನ್ನ ಅವಳಿಗೆ ಹೇಳಿ" ಎಂದಿದ್ದಳು ಅವಳು.

ಹೇಳಲಿಲ್ಲ. ಎಂಟು ದಿನಕ್ಕೆ ತಾನಾಗಿ ಬರುತ್ತಾಳೆ ಅಂದುಕೊಂಡ. ಆಮೇಲೆ ಹೇಳುವ ದಿನ ದಾಟಿಹೋಯಿತು ಅಂದುಕೊಂಡ. ಆ ಸ್ಟೂಲನ್ನು ಮಾತ್ರ ಮಾರಲಿಲ್ಲ. ಅವಳು ಹೋದಂದಿನಿಂದ ತಾನೇ ಅದರ ಮೇಲೆ ಕೂತು ಕೆಲಸ ಮಾಡುತ್ತಿದ್ದ. ಅವನು ಸಣ್ಣ ಆಳಲ್ಲ. ಅದು ಒಂದು ದಿನವೂ ಕಿರ್ ಅನ್ನಲಿಲ್ಲ.

ಅವನು ಟಿಂಬರ್ ಡಿಪೋಗೆ ಹೋದ ದಿನ ಕಡ್ಡಿ ಬಂದು ಅಮ್ಮನನ್ನೂ ಅಜ್ಜಿಯನ್ನೂ ನೋಡಿ ಹೋಗುತ್ತಿದ್ದಳು. ಅವನಿಗೆ ಯಾರೂ ಹೇಳುತ್ತಿರಲಿಲ್ಲ, ಆದರೂ ಗೊತ್ತಾಗುತ್ತಿತ್ತು. ಮೊಂಡಾಗಿದ್ದ ಉಳಿಗಳು ಅವನು ಬರುವಷ್ಟರಲ್ಲಿ ಹರಿತವಾಗಿರುತ್ತಿದ್ದವು. ಸಾಣೆಕಲ್ಲು ಒದ್ದೆಯಿರುತ್ತಿತ್ತು. ಗಡಿಬಿಡಿಯ ಮೂತಿಯಲ್ಲಿ ಬಿಸ್ಕೆಟ್ಟಿನ ಪುಡಿ ಇರುತ್ತಿತ್ತು. ಮೇಸ್ತ್ರಿ ಬರಬರುತ್ತ ಡಿಪೋಗೆ ಹೋಗುವ ಹಿಂದಿನ ದಿನ ಅತಿ ಮೊಂಡು ಉಳಿಗಳನ್ನು ಆರಿಸಿ ಮೇಜಿನ ಮುಂದುಗಡೆ ಇಡತೊಡಗಿದ. ಡಿಪೋದಲ್ಲಿ ಕೆಲಸ ಮುಗಿದ ಮೇಲೂ ಬೇಡದ ಚಹಾ ಕುಡಿಯುತ್ತ ಕೂರುತ್ತಿದ್ದ.

ಬೀದಿಯ ಕೊನೆಯಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಯಿತ್ತು. ಅದನ್ನು ನಡೆಸುವ ಹೆಂಗಸನ್ನು ಎಲ್ಲರೂ ಸಲೂನ್ ಮೇಡಂ ಅನ್ನುತ್ತಿದ್ದರು. ಸ್ನಾನದ ಮೇಜು ಮಾಡಿಕೊಟ್ಟವನು ಮೇಸ್ತ್ರಿಯೇ, ಹಾಗಾಗಿ ಕರೆದ ದಿನವೇ ಬಂದರು. ಬಂದವರ ಎದೆಯ ಮೇಲೆ ಗಡಿಬಿಡಿ ಎರಡು ಕಾಲಿಟ್ಟಿತು. ಅವರು ಗೋಡೆಯ ಹಾಗೆ ನಿಂತರು, ಅದರ ಮುಖವನ್ನೂ ನೋಡಲಿಲ್ಲ. ಬೇಸರವಾಗಿ ಅದು ಇಳಿಯಿತು.

"ಮುದ್ದು ಮಾಡಿ ಹಾಳು ಮಾಡಿದ್ದೀರಿ" ಎಂದರು. "ನೋಡಿ, ಕೆಲಸ ಸುಲಭ, ತಾಳ್ಮೆ ಕಷ್ಟ. ಒಂದು ಚಾಪೆ. ಚಾಪೆ ಮೇಲೆ ಕೂರಿಸಿ ಒಂದು ಮಾತು ಹೇಳ್ತೀರಿ. ಇನ್ನೊಂದು ಮಾತು ಹೇಳೋವರೆಗೂ ಏಳಬಾರದು. ಎದ್ದ ಮೇಲೆ ಬೈಯೋದಲ್ಲ, ಏಳೋ ಮುಂಚೆ ಹೊಗಳೋದು. ತಿಂಡಿ ಕೊಡೋದಾದ್ರೂ ನೀವೇ ಚಾಪೆ ಹತ್ರ ಹೋಗಿ ಕೊಡಿ, ಕರೆದು ಕೊಡ್ಬೇಡಿ. ಹೊತ್ತು, ದೂರ, ಗಲಾಟೆ, ಇವನ್ನ ಒಂದೊಂದಾಗಿ ಏರಿಸಿ. ಮೂರನ್ನೂ ಒಟ್ಟಿಗೆ ಏರಿಸಿದ್ರೆ ನಾಯಿ ಇರಲಿ, ನೀವೇ ಎದ್ದು ಓಡ್ತೀರಿ. ಈಗ ಏನು ಹೇಳ್ತೀರಿ ಅದಕ್ಕೆ, ನಿಲ್ಲಿಸೋಕೆ?"

"ಇರು ಅಂತೀನಿ."

"ಹೇಳಿ ನೋಡೋಣ."

ಮೇಸ್ತ್ರಿ ನಾಯಿಯನ್ನು ಚಾಪೆಯ ಮೇಲೆ ಕೂರಿಸಿ "ಇರು" ಎಂದ. ಕೂತಿತು. ಅಷ್ಟರಲ್ಲಿ ಹೆಂಡತಿಯ ಫೋನ್ ಬಡಿದುಕೊಂಡಿತು. "ಇರೇ ಇರೇ, ಕುಕ್ಕರ್ ಇಳಿಸ್ಬಿಟ್ಟು ಬರ್ತೀನಿ" ಎನ್ನುತ್ತ ಅವಳು ಅಡುಗೆಮನೆಗೆ ಓಡಿದಳು. ಅಜ್ಜಿ, "ಇರು, ನಾನೇ ಇಳಿಸ್ತೀನಿ" ಎಂದಳು. ಬಾಗಿಲಲ್ಲಿ ಯಾರೋ ಕರೆದರು, ಮೇಸ್ತ್ರಿ ತಾನೇ "ಇರಿ, ಬಂದೆ" ಎಂದ. ಗಡಿಬಿಡಿ ಮೂವರ ಮುಖವನ್ನೂ ಸರದಿಯಲ್ಲಿ ನೋಡಿ, ಈ ಮಾತಿಗೆ ಇಲ್ಲಿ ಯಾರೂ ಇರುವುದಿಲ್ಲ ಅಂತ ಖಚಿತ ಮಾಡಿಕೊಂಡು, ಎದ್ದು ಬಾಗಿಲಿಗೆ ಹೋಯಿತು.

ಮೇಡಂ ನಕ್ಕರು. "ಈ ಮಾತು ನಿಮ್ಮನೇಲಿ ಸವೆದುಹೋಗಿದೆ. ಬೇರೆ ಹುಡುಕಿ. ಯಾರೂ ಬಾಯಿ ತಪ್ಪಿಯೂ ಆಡದ ಮಾತಾಗ್ಬೇಕು."

"ನಿಲ್ಲು?" ಎಂದ ಮೇಸ್ತ್ರಿ.

"ಪೋಸ್ಟಾಫೀಸಿನ ಕೌಂಟರಲ್ಲಿ ದಿನವಿಡೀ ಅದೇ ನನ್ನ ಮಾತು" ಎಂದಳು ಹೆಂಡತಿ. "ಲೈನಲ್ಲಿ ನಿಲ್ಲಿ, ಲೈನಲ್ಲಿ ನಿಲ್ಲಿ. ಮನೆಗೆ ಬಂದ್ರೂ ಬಾಯಲ್ಲಿ ಅದೇ ಬರುತ್ತೆ."

"ತಡಿ?"

"ಮೊಳೆ ಸೊಟ್ಟಗಾದ್ರೆ ಮೊಳೆಗೂ ತಡಿ ಅಂತೀರಿ ನೀವು."

"ಸುಮ್ನಿರು?"

ಇಬ್ಬರೂ ಅಜ್ಜಿಯ ಕಡೆ ನೋಡಿದರು. ಆ ಮಾತನ್ನು ದಿನಕ್ಕೆ ಎಷ್ಟು ಸಲ ಅವಳಿಗೆ ಹೇಳುತ್ತಿದ್ದರೋ ಲೆಕ್ಕವಿಲ್ಲ.

"ಏನು ಹುಡುಕ್ತಿದ್ದೀರೋ?" ಎಂದಳು ಅಜ್ಜಿ. ಅವಳಿಗೆ ಕಿವಿ ಅರ್ಧ ಕೇಳುತ್ತಿತ್ತು, ಬೇಕಾದ ಅರ್ಧ.

"ಈ ಮನೇಲಿ ಯಾರೂ ಆಡದ ಮಾತು ಬೇಕಂತೆ ಅಮ್ಮ" ಎಂದು ಸೊಸೆ ಕೂಗಿ ಹೇಳಿದಳು.

"ಅದಕ್ಕೆ ಇಷ್ಟು ಯೋಚನೆಯಾ? ತಪ್ಪಾಯ್ತು ಅನ್ನಿ. ನಾನು ಈ ಮನೆಗೆ ಬಂದಾಗಿಂದ ಒಬ್ಬರ ಬಾಯಲ್ಲೂ ಕೇಳಿಲ್ಲ. ನಿಮ್ಮ ಮಾವನೂ ಹಾಗೇ ಹೋದ್ರು."

ಹೆಂಡತಿ ಸೆರಗಿನ ಅಂಚಿಗೆ ಬಾಯಿ ಒತ್ತಿಕೊಂಡು ನಗು ತಡೆದಳು. ಮೇಡಂ ಆ ಮಾತನ್ನು ನಾಲಿಗೆಯ ಮೇಲಿಟ್ಟು ನೋಡಿದರು. "ತಪ್ಪಾಯ್ತು. ಮೂರಕ್ಷರ. ನಡುವೆ ಒತ್ತು ಇದೆ, ಕೊನೇಲಿ ತಟ್ಟಂತ ನಿಲ್ಲುತ್ತೆ. ಒಳ್ಳೇ ಮಾತು. ಇದೇ ಇರಲಿ."

"ಬೇರೆ ಯಾವುದಾದ್ರೂ..." ಎಂದ ಮೇಸ್ತ್ರಿ.

"ಇದೇ ಇರಲಿ" ಎಂದಳು ಹೆಂಡತಿ.

ನಿಲ್ಲಿಸುವ ಮಾತಿಗೆ ಅಷ್ಟು ತಲೆ ಕೆಡಿಸಿಕೊಂಡವರು ಬಿಡಿಸುವ ಮಾತಿನ ಬಗ್ಗೆ ಯೋಚಿಸಲೇ ಇಲ್ಲ. "ಮತ್ತೆ ಏಳು ಅನ್ನೋಕೆ ಏನು ಹೇಳೋದು ಮೇಡಂ?" ಅಂತ ಕೇಳುತ್ತ ಹೆಂಡತಿ ಅವರ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದಳು. ಲೋಟದ ಮೇಲೆ ಕೈ ಅಡ್ಡ ಹಿಡಿದು ಮೇಡಂ "ಸಾಕು" ಎಂದರು. ಎಲ್ಲರೂ ತಲೆಯಾಡಿಸಿದರು. ಚಹಾಕ್ಕೆ ಹೇಳಿದ್ದನ್ನು ಎಲ್ಲರೂ ನಾಯಿಗೆ ಅಂದುಕೊಂಡರು ಅಂತ ಮೇಡಂಗೆ ಗೊತ್ತಾಗುವ ಹೊತ್ತಿಗೆ ಗಡಿಬಿಡಿ ಆ ಮಾತಿಗೆ ನಾಲ್ಕು ಸಲ ಎದ್ದು ನಾಲ್ಕು ಬಿಸ್ಕೆಟ್ ತಿಂದಾಗಿತ್ತು.

ಮೊದಲ ದಿನ ಪಾಠ ನಡೆಯಲಿಲ್ಲ. ನಾಯಿಯ ತಪ್ಪೇನೂ ಇರಲಿಲ್ಲ. ಮಾತು ಮೇಸ್ತ್ರಿಯ ಗಂಟಲಿನಿಂದ ಆಚೆ ಬರುತ್ತಿರಲಿಲ್ಲ. ಹಲ್ಲಿನ ಸಂದಿಯಲ್ಲಿ "ತಪ್ಪಾತು" ಎಂದು ಉಸುರುತ್ತಿದ್ದ. ಗಡಿಬಿಡಿ ತಲೆ ಓರೆ ಮಾಡಿ ಕೇಳುತ್ತಿತ್ತು.

"ಗಟ್ಟಿಯಾಗಿ ಹೇಳ್ರೀ. ನಾಯಿಗೆ ಹೇಳೋಕೂ ನಾಚಿಕೆಯಾ?"

"ನಾನೇನು ತಪ್ಪು ಮಾಡಿದ್ದೀನಿ ಅದಕ್ಕೆ?"

"ಅದು ಕೇಳಿತಾ ನಿಮ್ಮನ್ನ?"

ಎರಡನೇ ದಿನ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು, ಗರಗಸದ ಮೆಷಿನ್ ಓಡಿಸಿ, ಅದರ ಸದ್ದಿನಲ್ಲಿ ಜೋರಾಗಿ ಕೂಗಿ ಕೂಗಿ ಅಭ್ಯಾಸ ಮಾಡಿದ. ಮೆಷಿನ್ ನಿಂತ ಮೇಲೂ ಮಾತು ಬಾಯಲ್ಲಿ ಉಳಿಯಿತು. ಗಡಿಬಿಡಿ ಚಾಪೆಯ ಮೇಲೆ ಕೂತು, ಕೂತಲ್ಲೇ ಮೈಯೆಲ್ಲ ಬಾಲವಾಗಿ ಅಲ್ಲಾಡುತ್ತಿತ್ತು, ಆದರೆ ಕೂತಿತ್ತು. ಮೇಸ್ತ್ರಿ ಹೋಗಿ ಅದರ ಬಾಯಿಗೆ ಬಿಸ್ಕೆಟ್ ಇಟ್ಟ. ಹಣೆ ಸವರಿದ. "ನೀನಾದ್ರೂ ಕೇಳ್ತೀಯಲ್ಲೋ" ಎಂದ.

ಆ ವಾರವೇ ಪುಸ್ತಕದ ಕಪಾಟು ಮಾಡಿಸಲು ಕೊಟ್ಟಿದ್ದ ಲೆಕ್ಚರರ್ ಒಬ್ಬರು ಜಗಳಕ್ಕೇ ಸಿದ್ಧರಾಗಿ ಬಂದರು. ಕಪಾಟು ಕೊಡುವ ದಿನ ದಾಟಿ ಎಷ್ಟೋ ಆಗಿತ್ತು. ಅವರು ಬಾಗಿಲಲ್ಲಿ ಕಾಲಿಟ್ಟು ಬಾಯಿ ತೆರೆಯುವುದಕ್ಕೂ, ಮೇಸ್ತ್ರಿ ಮೇಜಿನ ಹಿಂದಿನಿಂದ "ತಪ್ಪಾಯ್ತು!" ಎನ್ನುವುದಕ್ಕೂ ಸರಿಹೋಯಿತು. ಚಾಪೆ ಮೇಜಿನ ಆಚೆ ಬದಿಗಿತ್ತು. ಬಾಗಿಲಲ್ಲಿ ನಿಂತವರಿಗೆ ನಾಯಿ ಕಾಣುತ್ತಿರಲಿಲ್ಲ. ಲೆಕ್ಚರರ್ ತೆರೆದ ಬಾಯಿಯನ್ನು ನಿಧಾನ ಮುಚ್ಚಿದರು. "ಅಯ್ಯೋ, ಅಷ್ಟು ದೊಡ್ಡ ಮಾತು ಯಾಕೆ ಮೇಸ್ತ್ರಿ? ಕೆಲಸ ಅಂದ ಮೇಲೆ ತಡ ಆಗುತ್ತೆ. ಇನ್ನೊಂದು ವಾರ ಆಗಲಿ ಬಿಡಿ" ಎಂದು ಹೇಳಿ, ಹೋಗುವಾಗ ಅವನ ಭುಜವನ್ನೂ ತಟ್ಟಿ ಹೋದರು.

ಮೇಸ್ತ್ರಿ ಬಹಳ ಹೊತ್ತು ಬಾಗಿಲನ್ನೇ ನೋಡುತ್ತಿದ್ದ. ಒಂದು ಮಾತಿಗೆ ಇಷ್ಟು ಕಮ್ಮಿ ಖರ್ಚಾಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಾಕು ಎಂಬ ಮಾತು ಮೊದಮೊದಲು ತೊಂದರೆ ಕೊಟ್ಟಿತು. ಊಟಕ್ಕೆ ಕೂತಾಗ ಯಾರಾದರೂ ಸಾಕು ಅಂದರೆ ಗಡಿಬಿಡಿ ಚಾಪೆ ಬಿಟ್ಟು ತಟ್ಟೆಯ ಹತ್ತಿರ ಹಾಜರಾಗುತ್ತಿತ್ತು. ಹಾಗಾಗಿ ಎಲ್ಲರೂ ಕೈ ಅಡ್ಡ ಹಿಡಿದು ಸನ್ನೆ ಮಾಡುವುದು ರೂಢಿಯಾಯಿತು. ಅಜ್ಜಿಯಿಂದ ತೊಂದರೆ ಇರಲಿಲ್ಲ. ಅವಳು ಊಟದಲ್ಲಿ ಆ ಮಾತು ಆಡಿದ್ದೇ ಕಡಿಮೆ.

ಮನೆಯ ಗಲಾಟೆಗಳನ್ನು ಮೇಸ್ತ್ರಿ ಮರ ಆರಿಸುವ ಹಾಗೆ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿಕೊಂಡ. ಮೊದಲು ಚಮಚ ಬೀಳಿಸಿದ. ಆಮೇಲೆ ಪೊರಕೆ ಆಡಿಸಿದ, ಪೊರಕೆಯೆಂದರೆ ಗಡಿಬಿಡಿಗೆ ಬದ್ಧ ವೈರಿ. ಕುಕ್ಕರ್ ಕೂಗಿತು. ಚೆಂಡು ಉರುಳಿತು. ಬೆಲ್ಲು ಹೊಡೆಯಲು ಅಜ್ಜಿಯನ್ನು ಹೊರಗೆ ನಿಲ್ಲಿಸಿದರು. ಅವಳು ಬೆಲ್ಲು ಹೊಡೆದು, "ಯಾರು?" ಅಂತ ತಾನೇ ಕೇಳಿ, "ನಾನು ಕಣ್ರೋ" ಅಂತ ತಾನೇ ಉತ್ತರಿಸುತ್ತಿದ್ದಳು. ಸಂಜೆ ಕೆಲಸದಿಂದ ಬಂದ ಹೆಂಡತಿ ಎರಡೂ ಕಂಕುಳಲ್ಲಿ ಒಂದೊಂದು ಉದ್ದ ಪೊರಕೆ ಸಿಕ್ಕಿಸಿಕೊಂಡು, ಒಂದು ಕಾಲು ಮಡಚಿ, ಟಕ್ ಟಕ್ ಅಂತ ಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಎದುರು ಮನೆಯವರು ಕಿಟಕಿಯಿಂದ ನೋಡಿ, "ಏನಾಯ್ತು ನಿಮ್ಮ ಕಾಲಿಗೆ?" ಎಂದರು. "ನಾಯಿಗೆ ಪರೀಕ್ಷೆ" ಎಂದಳು ಇವಳು. ಅವರು ಕಿಟಕಿ ಮುಚ್ಚಿಕೊಂಡರು.

ನಾಯಿ ಇದಕ್ಕೆಲ್ಲ ಕೂತಿತು. ಕೆಲವು ಸಲ ಎದ್ದಿತು, ಮತ್ತೆ ಕೂರಿಸಿದರು. ಬರಬರುತ್ತ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಕೂರತೊಡಗಿತು.

ಆದರೆ ಒಂದು ದಿನ ಹೆಂಡತಿ ಒಗೆಯಲೆಂದು ಆಸ್ಪತ್ರೆಯಿಂದ ಮಗಳ ಸ್ವೆಟರ್ ತಂದಳು. ಚೀಲ ತೆರೆದದ್ದೇ ತಡ, ಗಡಿಬಿಡಿ ಚಾಪೆ, ಮಾತು, ಬಿಸ್ಕೆಟ್ ಎಲ್ಲವನ್ನೂ ಮರೆತು ಆ ಸ್ವೆಟರಿನೊಳಗೆ ಮೂತಿ ಹುಗಿದು ಅದರ ಮೇಲೆ ಹೊರಳಾಡಿತು. ಕುಂಯ್ ಕುಂಯ್ ಅಂತ ಅಳುವ ಹಾಗೆ ಸದ್ದು ಮಾಡಿತು. ಮೇಸ್ತ್ರಿ ಒಂದು ಸಲ "ತಪ್ಪಾಯ್ತು" ಎಂದ. ಅದು ಕೇಳಲಿಲ್ಲ.

ಮರುದಿನವೂ ಅದೇ. ಹೆಂಡತಿ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ನಾಯಿ ಏಳುತ್ತಿತ್ತು. ಮೇಡಂ ಬಂದು ನೋಡಿದರು.

"ತೊಂದರೆ ನಿಮ್ಮ ದನೀಲಿದೆ" ಎಂದರು. "ಪೊರಕೆಗೆ ಹೇಳೋವಾಗ ಗಟ್ಟಿಯಾಗಿ ಹೇಳ್ತೀರಿ. ಈ ಸ್ವೆಟರ್ ಕಂಡ ಕೂಡಲೇ ದನಿ ಸಣ್ಣಗಾಗುತ್ತೆ. ಅದು ಮಾತು ಕೇಳಲ್ಲ, ನಿಮ್ಮ ಗಂಟಲು ಕೇಳುತ್ತೆ."

"ಸ್ವೆಟರಿಗೂ ನನ್ನ ಗಂಟಲಿಗೂ ಏನು ಸಂಬಂಧ ಮೇಡಂ?"

"ಅದು ನಂಗೇನು ಗೊತ್ತು? ನಾನು ನಾಯಿಗಳ ಸಲೂನಿನವಳು."

ಕಡ್ಡಿ ಬರುವ ದಿನದ ಹಿಂದಿನ ಸಂಜೆಯೂ ಗಡಿಬಿಡಿ ಎದ್ದು ಓಡಿ ಸ್ವೆಟರಿಗೆ ಹಾರಿತು. ಅದರ ರಭಸಕ್ಕೆ ಹೆಂಡತಿ ಪೊರಕೆ ಸಮೇತ ಹಿಂದಕ್ಕೆ ವಾಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ನಗಲಿಲ್ಲ.

"ನಾಳೆ ಅಣ್ಣನಿಗೆ ವ್ಯಾನ್ ಕಳಿಸೋಕೆ ಹೇಳ್ಲಾ?"

ಮೇಸ್ತ್ರಿ ನಾಯಿಯ ಕೊರಳ ಪಟ್ಟಿ ಹಿಡಿದು ಕೂತಿದ್ದ. ಅದು ಅವನ ಕಿವಿ ನೆಕ್ಕುತ್ತಿತ್ತು. "ನಾಳೆ ಅವಳ ಮುಂದೆ ಎದ್ದರೆ ಸಂಜೆ ನಾನೇ ಬಿಟ್ಟು ಬರ್ತೀನಿ" ಎಂದ. "ವ್ಯಾನ್ ಬೇಡ. ನಡೆಸ್ಕೊಂಡು ಹೋಗ್ತೀನಿ."

ಮಾರನೆಯ ದಿನ ಅವನು ಬೆಳಿಗ್ಗೆಯೇ ಅಂಗಡಿ ಗುಡಿಸಿದ. ಜಾರದಿರಲೆಂದು ಬಾಗಿಲ ಹತ್ತಿರದ ಸಿಪ್ಪೆಯನ್ನೆಲ್ಲ ಬಾಚಿ ಮೇಜಿನ ಕಡೆಗೆ ತಳ್ಳಿದ. ಗಡಿಬಿಡಿಯನ್ನು ಓಡಿಸಿ ಆಡಿಸಿ ದಣಿಸಿದ. ನಾಯಿಗಿಂತ ತಾನೇ ಹೆಚ್ಚು ದಣಿದ. ಮಧ್ಯಾಹ್ನ ಟ್ಯಾಕ್ಸಿ ನಿಂತ ಸದ್ದಾಯಿತು. ನಾಯಿಯ ನಿಂತ ಕಿವಿ ಇನ್ನಷ್ಟು ನಿಂತಿತು, ಮಡಚಿದ್ದ ಕಿವಿಯೂ ಎದ್ದಿತು. ಮೇಸ್ತ್ರಿ ಏಪ್ರನ್ ಜೇಬಿಗೆ ಕೈ ಹಾಕಿ ಬಿಸ್ಕೆಟ್ ಹಿಡಿದುಕೊಂಡು ಮೇಜಿನ ಹಿಂದೆ, ಚಾಪೆಯ ಪಕ್ಕ ನಿಂತ. ಅಜ್ಜಿ ಬಾಗಿಲು ತೆರೆದಳು.

ಆಸ್ಪತ್ರೆಯಲ್ಲಿ ಹೆಂಡತಿ ಮಗಳಿಗೆ, "ನಾಯಿಗೆ ಪಾಠ ಆಗಿದೆ, ಹೆದರಬೇಡ" ಎಂದಷ್ಟೇ ಹೇಳಿದ್ದಳು. ಯಾವ ಮಾತು ಕಲಿಸಿದ್ದೇವೆಂದು ಹೇಳಲು ಮರೆತಳು. ಮರೆತೆ ಅಂತ ಆಮೇಲೆ ಹೇಳಿದಳು, ಅಷ್ಟಂತೂ ನಿಜ.

ಮೊದಲು ಒಂದು ಊರುಗೋಲು ಒಳಗೆ ಬಂತು. ಟಕ್. ಆಮೇಲೆ ಬಿಳಿ ಪ್ಲಾಸ್ಟರಿನ ಕಾಲು. ಆಮೇಲೆ ಕಡ್ಡಿ. ಇನ್ನೂ ಸಣ್ಣಗಾಗಿದ್ದಳು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ತನ್ನ ಕಾಲ ಬುಡದಲ್ಲಿ ನಾಯಿಯ ಹಿಂಭಾಗ ಚಾಪೆಯಿಂದ ಮೇಲೇಳುತ್ತಿದ್ದದ್ದು ಮೇಸ್ತ್ರಿಗೆ ಗೊತ್ತಾಯಿತು. ನಾಯಿಯನ್ನು ನೋಡಿಯೇ ಹೇಳಬೇಕು ಅಂತ ಮೇಡಂ ಕಲಿಸಿದ್ದರು. ಅವನಿಗೆ ಆ ಪ್ಲಾಸ್ಟರಿನಿಂದ ಕಣ್ಣು ಕೀಳಲಾಗಲಿಲ್ಲ. ಅದನ್ನೇ ನೋಡುತ್ತ, "ತಪ್ಪಾಯ್ತು" ಎಂದ. ದನಿ ಸಣ್ಣಗಾಗಲಿಲ್ಲ.

ಗಡಿಬಿಡಿ ಕೂತಿತು.

ಕಡ್ಡಿಗೆ ಕಂಡದ್ದು ಮೇಜಿನ ಹಿಂದೆ ನಿಂತ ಅಪ್ಪ ಮಾತ್ರ. ಒಂದು ಊರುಗೋಲು ಒಳಗೆ, ಒಂದು ಹೊರಗೆ, ಹಾಗೇ ನಿಂತುಬಿಟ್ಟಳು. ದಾರಿಯುದ್ದಕ್ಕೂ ಏನೇನು ಮಾತು ಸಿದ್ಧ ಮಾಡಿಕೊಂಡು ಬಂದಿದ್ದಳೋ, ಒಂದೂ ಬರಲಿಲ್ಲ. ನೆಲ ನೋಡುತ್ತ, "ಸಾಕು ಬಿಡಪ್ಪ" ಎಂದಳು.

ಗಡಿಬಿಡಿಯ ಪಾಲಿಗೆ ಪರೀಕ್ಷೆ ಮುಗಿಯಿತು. ಅದು ಮೇಜು ಸುತ್ತಿಕೊಂಡು ಹಾರಿ ಹೊರಟಿತು.

"ತಪ್ಪಾಯ್ತು!"

ಈ ಸಲ ಅದು ಕಿರುಚು. ಎದುರು ಮನೆಯ ಕಿಟಕಿ ತೆರೆದುಕೊಂಡಿತು. ನಾಲ್ಕೂ ಕಾಲು ಊರಿದ ನಾಯಿ ಮರದ ಸಿಪ್ಪೆಯ ಮೇಲೆ ಜಾರುತ್ತ ಬಂದು, ಪ್ಲಾಸ್ಟರಿಗೆ ಒಂದು ಗೇಣು ಇರುವಾಗ ದಪ್ಪಂತ ಕೂತಿತು. ಬಾಲ ನೆಲ ಗುಡಿಸುತ್ತಿತ್ತು. ಮೂತಿಯನ್ನು ಆದಷ್ಟು ಮುಂದೆ ಚಾಚಿ ಗಾಳಿಯಲ್ಲೇ ಅವಳನ್ನು ಮೂಸುತ್ತಿತ್ತು, ಆದರೆ ಏಳಲಿಲ್ಲ.

"ಕೇಳ್ತು! ಕೇಳ್ತು ನೋಡು!" ಎಂದು ಅಜ್ಜಿ ಚಪ್ಪಾಳೆ ತಟ್ಟಿದಳು. "ಎರಡು ಸಲ ತಪ್ಪಾಯ್ತು ಅಂದ್ರೆ ಎರಡು ಸಲವೂ ಕೂತ್ಕೊಂತು!"

"ಯಾರು ಕೂತ್ಕೊಂಡಿದ್ದು?" ಎಂದಳು ಕಡ್ಡಿ.

"ನಾಯಿ ಕಣೇ. ಅದಕ್ಕೆ ಕಲಿಸಿರೋ ಮಾತು ಅದು. ತಪ್ಪಾಯ್ತು ಅಂದ್ರೆ ಕೂರಬೇಕು. ನಾನೇ ಹುಡುಕಿ ಕೊಟ್ಟಿದ್ದು."

ಕಡ್ಡಿ ಅಜ್ಜಿಯನ್ನು ನೋಡಿದಳು, ನಾಯಿಯನ್ನು ನೋಡಿದಳು. ಹಿಂದೆ ಚೀಲ ಹಿಡಿದು ನಿಂತ ಅಮ್ಮನನ್ನು ತಿರುಗಿ ನೋಡಿದಳು. ಅಮ್ಮ ಚೀಲದ ಜಿಪ್ ಸರಿಮಾಡತೊಡಗಿದಳು. ಹುಡುಗಿಯ ಕಿವಿಗಳು ಕೆಂಪಾದವು.

"ಓಹೋ. ನಾಯಿಗಾ" ಎಂದಳು. "ನಾನೊಬ್ಬಳು ಪೆದ್ದಿ." ಬೀದಿಯಲ್ಲಿ ಟ್ಯಾಕ್ಸಿ ಇನ್ನೂ ತಿರುಗಿಸಿಕೊಳ್ಳುತ್ತಿತ್ತು. ಅವಳ ಕಣ್ಣು ಅತ್ತ ಹೋಗಿ ಬಂದದ್ದನ್ನು ಮೇಸ್ತ್ರಿ ಕಂಡ.

"ಮೊದಲನೇದು ನಾಯಿಗೆ" ಎಂದ. "ಎರಡನೇದೂ ನಾಯಿಗೆ."

"ಗೊತ್ತಾಯ್ತು ಬಿಡು."

ಅವನು ಮೇಜಿನ ಹಿಂದಿನಿಂದ ಈಚೆ ಬಂದ. ಕೈ ಏಪ್ರನ್ನಿಗೆ ಒರೆಸಿಕೊಂಡ.

"ತಪ್ಪಾಯ್ತು" ಎಂದ.

ಗಡಿಬಿಡಿ ತಿರುಗಿ ಅವನನ್ನು ನೋಡಿತು. ಅದು ಆಗಲೇ ಕೂತಿತ್ತು. ಇನ್ನೆಷ್ಟು ಕೂರಬೇಕು ಅಂತ ಅದಕ್ಕೆ ಅರ್ಥವಾಗಲಿಲ್ಲ.

"ಅವತ್ತು, ಆ ಗಿರಾಕಿ ಎದುರಿಗೆ..." ಎಂದು ಶುರುಮಾಡಿ ಮೇಸ್ತ್ರಿ ಅಲ್ಲಿಗೇ ನಿಂತ. ಮುಂದಿನದು ಅಭ್ಯಾಸ ಮಾಡಿರಲಿಲ್ಲ. ಕಡ್ಡಿ ಅವನ ಸಹಾಯಕ್ಕೆ ಬರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಆನಿಸಿ ಕಾದಳು. ಅಜ್ಜಿ ಏನೋ ಹೇಳಲು ಹೋದಳು, ಸೊಸೆ ಹೊರಗಿನಿಂದಲೇ ಕೈಯೆತ್ತಿ ತಡೆದಳು.

"ನಾನು ಹಾಗೆ ಅನ್ನಬಾರದಾಗಿತ್ತು" ಎಂದ ಕೊನೆಗೆ.

"ಹೂಂ" ಎಂದಳು ಕಡ್ಡಿ. "ಅನ್ನಬಾರದಾಗಿತ್ತು."

ಟ್ಯಾಕ್ಸಿ ಹೊರಟುಹೋದ ಸದ್ದು ಕೇಳಿಸಿತು. ಅವಳು ಇನ್ನೊಂದು ಊರುಗೋಲನ್ನೂ ಒಳಗಿಟ್ಟಳು. ಅಷ್ಟು ದೂರ ಬಂದದ್ದಕ್ಕೇ ಅವಳ ಹಣೆಯಲ್ಲಿ ಬೆವರಿತ್ತು. ಸುತ್ತ ನೋಡಿದಳು. ಮೇಜಿನ ಪಕ್ಕ ಸ್ಟೂಲು ಇತ್ತು. ಕೂತು ಕೂತು ಅದರ ಮೇಲ್ಮೈ ಹೊಳಪಾಗಿತ್ತು.

"ಇದರ ಮೇಲೆ ಕೂರಬಹುದಾ?" ಎಂದಳು. "ಆಮೇಲೆ ನನ್ನ ಸೊಂಟಕ್ಕೆ ಯಾರು ಜವಾಬ್ದಾರಿ?"

ಮೇಸ್ತ್ರಿಗೆ ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. "ಎರಡು ವರ್ಷದಿಂದ ನಾನೇ ಕೂತಿದ್ದೀನಿ" ಎಂದ. "ಅಲ್ಲಾಡಲ್ಲ."

"ಅಲ್ಲಾಡಲ್ಲ ಅಂತ ನಂಗೆ ಗೊತ್ತು."

ಅವನು ಸ್ಟೂಲನ್ನು ಮೇಜಿನ ಈಚೆ ಬದಿಗೆ ಎಳೆದಿಟ್ಟ. ಒಂದು ಕೈ ಅವಳ ಕಂಕುಳಿಗೆ ಕೊಟ್ಟು ಕೂರಿಸಿದ. ಪ್ಲಾಸ್ಟರಿನ ಕಾಲ ಕೆಳಗೆ ಒಂದು ಮರದ ತುಂಡು ಇಟ್ಟು, ಎತ್ತರ ಸಾಲದೆಂದು ಅದನ್ನು ತೆಗೆದು ಇನ್ನೊಂದು ಇಟ್ಟ. ಕಡ್ಡಿ ಮೇಜಿನ ಮೇಲಿದ್ದ ಉಳಿಯೊಂದನ್ನು ಎತ್ತಿ ಹೆಬ್ಬೆರಳಿನಿಂದ ಅದರ ಬಾಯಿ ಸವರಿದಳು.

"ಎಷ್ಟು ಮೊಂಡಾಗಿದೆ. ನಾನು ಒಂದು ತಿಂಗಳು ಬರದಿದ್ರೆ ಇದಾ ಗತಿ?"

"ಹರಿತ ಮಾಡೋರು ಬರ್ತಾರಲ್ಲ ಅಂತ ಹಾಗೇ ಇಟ್ಟಿದ್ದೆ" ಎಂದ ಮೇಸ್ತ್ರಿ. ಅವಳು ಫಕ್ಕನೆ ತಲೆಯೆತ್ತಿದಳು. ಅವನು ಮರದ ತುಂಡನ್ನು ಮತ್ತೊಮ್ಮೆ ಸರಿಮಾಡುತ್ತಿದ್ದ.

ಹೆಂಡತಿ ಚೀಲ ಒಳಗೊಯ್ದಳು. ಅಜ್ಜಿ ಚಹಾಕ್ಕೆ ನೀರಿಟ್ಟಳು. ಎಲ್ಲರೂ ಮರೆತ ಗಡಿಬಿಡಿ ಮಾತ್ರ ಇನ್ನೂ ಅಲ್ಲೇ, ಬಾಗಿಲ ಹತ್ತಿರ, ಕೂತೇ ಇತ್ತು. ಮೈ ಸಣ್ಣಗೆ ನಡುಗುತ್ತಿತ್ತು. ಬಾಯಿಂದ ಜೊಲ್ಲು ನೂಲಿನಂತೆ ಇಳಿದಿತ್ತು. ಮಗಳನ್ನು ನೋಡುವುದು, ಮೇಸ್ತ್ರಿಯನ್ನು ನೋಡುವುದು, ಮತ್ತೆ ಮಗಳನ್ನು.

"ಅಯ್ಯೋ, ಇದನ್ನ ಹೀಗೇ ಕೂರಿಸಿಬಿಡ್ತೀರಾ?" ಎಂದಳು ಕಡ್ಡಿ. "ಬಿಡಿಸೋ ಮಾತು ಯಾವುದು?"

"ಆಗಲೇ ನೀನೇ ಹೇಳಿದ್ಯಲ್ಲ."

"ನಾನಾ? ಏನು ಹೇಳಿದೆ?" ಅವಳು ನೆನಪಿಸಿಕೊಂಡಳು. ಹುಬ್ಬು ಮೇಲೇರಿತು. "ಸಾಕು?"

ಅವಳು ಕೇಳಿದ್ದು ಪ್ರಶ್ನೆ. ಗಡಿಬಿಡಿ ಅಷ್ಟೆಲ್ಲ ನೋಡಲಿಲ್ಲ. ಎದ್ದು ಬಂತು. ಹಾರಲಿಲ್ಲ. ಅಷ್ಟು ಹೊತ್ತು ಕೂತು ಅದರ ಕಾಲು ಜೋಮು ಹಿಡಿದಿತ್ತು. ಕುಂಟುತ್ತ ಬಂದು, ಪ್ಲಾಸ್ಟರನ್ನು ಒಮ್ಮೆ ಮೂಸಿ, ಇದು ಅವಳದಲ್ಲ ಅಂತ ತೀರ್ಮಾನಿಸಿ, ಇನ್ನೊಂದು ಕಾಲಿನ ಮೇಲೆ ತಲೆಯಿಟ್ಟಿತು. ಕಡ್ಡಿ ಅದರ ಮಡಚಿದ ಕಿವಿಯನ್ನು ಬಿಡಿಸಿದಳು. ಬಿಟ್ಟ ಕೂಡಲೇ ಅದು ಮತ್ತೆ ಮಡಚಿಕೊಂಡಿತು.

"ಅಪ್ಪ, ಬಿಸ್ಕೆಟ್ ಕೊಡು" ಎಂದಳು.

ಮೇಸ್ತ್ರಿ ಜೇಬಿಗೆ ಕೈ ಹಾಕಿದ. ಬಿಸ್ಕೆಟ್ಟುಗಳೆಲ್ಲ ಅವನ ಮುಷ್ಟಿಯಲ್ಲಿ ಯಾವಾಗಲೋ ಪುಡಿಯಾಗಿದ್ದವು.